ಹಸಿದ ರೆಕ್ಕೆ

ಆ ಮನುಷ್ಯನ ಕನ್ನಡಕ ಕಿತ್ತು ನೆಲಕ್ಕೆ ಹಾಕಿ ತುಳಿದುಬಿಡಬೇಕು ಅನ್ನಿಸಿತು. ಏನು ಮಾಡುವುದು, ಅವನಿದ್ದದ್ದು ಫೋನಿನೊಳಗೆ, ನಾನಿದ್ದದ್ದು ಸಿಂಧನೂರಿನ ಬಸ್ ನಿಲ್ದಾಣದಲ್ಲಿ, ಕೈಯಲ್ಲಿ ಚಹಾದ ಕಪ್ಪು. ಕರಾವಳಿಯಲ್ಲಿ ನೀರಾಟದ ಸಾಮಾನು ಮಾರುವ ಕಂಪನಿಯೊಂದರ ಮಾಲೀಕ ಅವನು. ಹಿಂದೆ ಸಮುದ್ರ, ಕೈಯಲ್ಲಿ ಕಿತ್ತಳೆ ಬಣ್ಣದ ಬಟ್ಟೆಯ ರೆಕ್ಕೆ, ಮುಖದ ತುಂಬ ನಗು. "ಇದು ನಮ್ಮ ಹೊಸ ಪ್ಯಾರಾವಿಂಗ್. ಮುಂದಿನ ಅಂಚಿನಲ್ಲಿ ಗಾಳಿ ತುಂಬಿಕೊಳ್ಳುವ ಜೇಬು ನೋಡಿ. ರೆಕ್ಕೆಯ ಮೂತಿ ಇನ್ನು ಮಡಚಿಕೊಳ್ಳುವ ಮಾತೇ ಇಲ್ಲ. ನಮ್ಮ ತಂಡ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಕಂಡುಹಿಡಿದದ್ದು" ಎಂದ. ನಿಮ್ಮ ತಂಡವಂತೆ! ಚಹಾ ಸೀರೆಯ ಮೇಲೆ ಚೆಲ್ಲಿತು. ವಿಡಿಯೋ ಅರ್ಧಕ್ಕೇ ಬಂದ್ ಮಾಡಿದೆ.

ನನ್ನ ಮುಖ ನೋಡಿ ಪಕ್ಕದಲ್ಲಿದ್ದ ಮುದುಕಿ ಗಾಬರಿಯಾಗಿ, "ಯಾರರ ಸತ್ರೇನಬೇ?" ಎಂದು ಕೇಳಿದಳು. ಸತ್ತವರು ಹೋದ ಮಳೆಗಾಲದಲ್ಲೇ ಸತ್ತಿದ್ದರು. ಆಗ ಇಷ್ಟು ಸಂಕಟವಾಗಿರಲಿಲ್ಲ.

ಆ ಜೇಬು ಯಾರದು ಎಂದು ನನಗೆ ಗೊತ್ತು. ಅದರ ಮೊದಲ ಬಟ್ಟೆ ಕತ್ತರಿಸಿದ್ದು ನನ್ನ ಕೈ. ಹೇಗೆ ಕತ್ತರಿಸಬೇಕು ಎಂದು ಹೇಳಿ, ಬೈದು, ಮತ್ತೆ ಹೇಳಿ, ಮತ್ತೆ ಬೈದವರ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಆ ಹೆಸರು ಬರಬೇಕಾಗಿದ್ದ ಜಾಗ ಬೇರೆ ಇತ್ತು. ಅಲ್ಲಿ ಬಾರದ ಹೆಸರನ್ನು ಇಲ್ಲಿ ಬರೆದು ಸಮಾಧಾನ ಮಾಡಿಕೊಳ್ಳುವ ಬುದ್ಧಿ ನನಗಿಲ್ಲ. ನಾವೆಲ್ಲ ಅವರನ್ನು ಅಕ್ಕಾರು ಎಂದು ಕರೆಯುತ್ತಿದ್ದೆವು, ಇಲ್ಲಿಯೂ ಹಾಗೇ ಇರಲಿ.

ಪ್ಯಾರಾವಿಂಗ್ ಎಂದರೆ ಏನು ಎಂದು ಮೊದಲು ಹೇಳಿಬಿಡುತ್ತೇನೆ. ಊರಲ್ಲಿ ಎಲ್ಲರೂ ಅದನ್ನು ಗಾಳಿಪಟ ಎಂದು ಕರೆದು ಅಕ್ಕಾರಿಗೆ ಪಿತ್ತ ನೆತ್ತಿಗೇರಿಸುತ್ತಿದ್ದರು. ಸಮುದ್ರದಲ್ಲಿ ಒಂದು ಹಲಗೆಯ ಮೇಲೆ ನಿಲ್ಲುತ್ತಾರೆ. ಹಲಗೆಯ ಅಡಿಗೆ ಒಂದು ಕಂಬ, ಕಂಬದ ತುದಿಗೆ ನೀರೊಳಗೆ ಓಡುವ ಗಟ್ಟಿ ರೆಕ್ಕೆ, ಅದಕ್ಕೆ ಫಾಯಿಲ್ ಎನ್ನುತ್ತಾರೆ. ವೇಗ ಬಂದರೆ ಹಲಗೆ ನೀರು ಬಿಟ್ಟು ಮೇಲೇಳುತ್ತದೆ. ಆ ವೇಗಕ್ಕೆ ಮೊದಲು ಎಳೆಯುವುದು ಪ್ಯಾರಾವಿಂಗ್, ಅಂದರೆ ಕೈಯಲ್ಲಿ ಹಿಡಿಯುವ ಬಟ್ಟೆಯ ರೆಕ್ಕೆ. ಕೋಲಿಲ್ಲ, ಪಂಪು ಹೊಡೆದು ಉಬ್ಬಿಸುವ ಟ್ಯೂಬಿಲ್ಲ, ಬರೀ ಬಟ್ಟೆ, ದಾರ, ಹಿಡಿಯಲು ಒಂದು ಗೇಣಿನ ಹಿಡಿಕೆ. ಅಲೆ ಸಿಕ್ಕಿತೋ, ರೆಕ್ಕೆಯನ್ನು ಮುದುರಿ ಸೊಂಟದ ಚೀಲಕ್ಕೆ ತುರುಕಿ ಬರಿಗೈಯಲ್ಲಿ ಅಲೆಯ ಮೇಲೆ ಹೋಗುತ್ತಾರೆ. ಅಲೆ ಮುಗಿದರೆ ಮತ್ತೆ ಬಿಚ್ಚುತ್ತಾರೆ. ಕಷ್ಟವಿರುವುದು ಈ ಬಿಚ್ಚುವುದರಲ್ಲಿ. ಒದ್ದೆ ಬಟ್ಟೆ ತನಗೆ ತಾನೇ ಅಂಟಿಕೊಳ್ಳುತ್ತದೆ, ದಾರ ಗಂಟು ಬೀಳುತ್ತದೆ. ಮೊದಲಿನ ರೆಕ್ಕೆಗಳು ಒಂದೇ ಪದರದವು. ಗಾಳಿ ಹಿಂದಿನಿಂದ ಬಂದರೆ ಸರಿ, ಗಾಳಿಗೆ ಓರೆಯಾಗಿ ಎದುರು ಹೋಗಬೇಕೆಂದರೆ ಮೂತಿ ಒಳಗೆ ಮಡಚಿಕೊಂಡು ಕುಸಿಯುತ್ತಿದ್ದವು.

ಸಮುದ್ರವೇ ಇಲ್ಲದ ಸಿಂಧನೂರಿನಲ್ಲಿ ಇದನ್ನು ಹೊಲಿಯುವುದು ಯಾಕೆ ಎಂದು ಎಷ್ಟೋ ಜನ ಕೇಳಿದ್ದಾರೆ. ಅಕ್ಕಾರ ಅಪ್ಪನದು ಲಿಂಗಸುಗೂರಿನಲ್ಲಿ ತಾಡಪತ್ರಿ ಅಂಗಡಿ. ಭತ್ತದ ರಾಶಿಗೆ, ಲಾರಿಗೆ ಹೊದಿಸುವ ತಾಡಪತ್ರಿ ಹೊಲಿಯುತ್ತ ಬೆಳೆದ ಮಗಳು ಮದುವೆ ಗಿದುವೆ ಎಲ್ಲ ಬಿಟ್ಟು ಕರಾವಳಿಗೆ ಹೋಗಿ, ದೋಣಿಯ ಹಾಯಿ ಹೊಲಿಯುವ ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಕಳೆದರು. ಈ ರೆಕ್ಕೆಯನ್ನು ಕಂಡದ್ದು, ಹಲಗೆಯ ಮೇಲೆ ನಿಲ್ಲಲು ಕಲಿತದ್ದು ಅಲ್ಲೇ. ತಾಯಿ ಹಾಸಿಗೆ ಹಿಡಿದ ಮೇಲೆ ವಾಪಸು ಬಂದು ಸಿಂಧನೂರಿನಲ್ಲಿ ಮುಚ್ಚಿಹೋಗಿದ್ದ ಒಂದು ರೈಸ್ ಮಿಲ್ಲಿನ ಶೆಡ್ಡು ಹಿಡಿದರು. ಭತ್ತ ಒಣಗಿಸುತ್ತಿದ್ದ ಸಿಮೆಂಟಿನ ಕಣ ಮುಂದೆ ಇತ್ತು. "ದಾರ ಉದ್ದಕ ಹಾಸಿ ಅಳಿಯಾಕ ಇದಕ್ಕಿಂತ ಚಲೋ ಜಾಗಾ ಎಲ್ಲಿ ಸಿಗತೈತಿ?" ಎಂದು ನಮ್ಮನ್ನೇ ಕೇಳಿದರು. ನಮಗೇನು ಗೊತ್ತು? ನಾನು ಮಸ್ಕಿಯಲ್ಲಿ ಬ್ಲೌಸ್ ಕತ್ತರಿಸುತ್ತಿದ್ದವಳು. ಉಳಿದವರು ತಾಡಪತ್ರಿ, ಕೌದಿ ಹೊಲಿಯುವವರು.

ಅವರ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಕತ್ತರಿ ಮೇಜಿನ ಮೇಲೆ ಬಡಿಯುವ ಸದ್ದಿನಲ್ಲೇ ಈ ದಿನ ಹೇಗಿದೆ ಎಂದು ನಮಗೆ ತಿಳಿಯುತ್ತಿತ್ತು. ಹೊಲಿಗೆ ಸರಿಯಿದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಅಂಚನ್ನು ಕೆನ್ನೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ಎಲ್ಲಾದರೂ ಒಂದು ಸುಕ್ಕು ಕೆನ್ನೆಗೆ ತಾಗಿತೋ, ಮುಗಿಯಿತು. "ಬಿಚ್ಚು. ಗಾಳಿಗೆ ಸುಳ್ಳು ಹೇಳಾಕ ಬರಂಗಿಲ್ಲ" ಎನ್ನುತ್ತಿದ್ದರು. ಮಧ್ಯಾಹ್ನ ಮಂಡಾಳ ಒಗ್ಗರಣೆ, ಮೆಣಸಿನಕಾಯಿ ಬಜಿ ತರಿಸಿ, ಬೈಸಿಕೊಂಡವಳ ಮುಂದೆಯೇ ಮೊದಲು ತಟ್ಟೆ ಇಡುತ್ತಿದ್ದರು. ಕ್ಷಮೆ ಕೇಳುವುದು ಅವರಿಗೆ ಬರುತ್ತಿದ್ದದ್ದು ಅಷ್ಟೇ.

ಒಮ್ಮೆ ಲಿಂಗಸುಗೂರಿನ ದಾರದ ವ್ಯಾಪಾರಿ ಹೇಳಿದ ದಾರ ಬಿಟ್ಟು ಬೇರೆ ಕೊಟ್ಟ. "ಎಲ್ಲಾ ಒಂದರೀ ಅಕ್ಕಾರ, ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ" ಎಂದ. ಅಡ್ಜಸ್ಟ್ ಎಂಬ ಮಾತು ಕೇಳಿದರೆ ಅವರಿಗೆ ಮೈಯೆಲ್ಲ ಉರಿ. ಅಂಗಡಿಯ ಕಂಬಕ್ಕೇ ದಾರ ಸುತ್ತಿ ಎಳೆದರು. ಪಟ್ಟನೆ ಹರಿಯಿತು. "ಸಮುದ್ರದ ನಡುವ ಹಿಂಗ ಹರದ್ರ ನೀ ಹೋಗಿ ಅಡ್ಜಸ್ಟ್ ಮಾಡ್ತೀ ಏನೋ? ಈಜು ಬರತೈತಿ ನಿನಗ?" ಅವನು ತೆಪ್ಪಗೆ ಸರಿಯಾದ ಉಂಡೆ ತೆಗೆದುಕೊಟ್ಟ. ಆಮೇಲೆ ಅವರನ್ನು ಕಂಡರೆ ಅಂಗಡಿಯಿಂದಲೇ ಎದ್ದು ನಿಲ್ಲುತ್ತಿದ್ದ.

ಆಷಾಢದ ಗಾಳಿ ಶುರುವಾದರೆ ಮಸ್ಕಿಯ ಆಚೆಯ ಡ್ಯಾಮಿಗೆ ಹೋಗುತ್ತಿದ್ದೆವು. ಚೂಡಿದಾರದ ಮೇಲೆ ತೇಲುವ ಜಾಕೀಟು, ತಲೆಗೆ ಹೆಲ್ಮೆಟ್ಟು. ಐವತ್ತು ದಾಟಿದ ಹೆಂಗಸು ಹಲಗೆಯ ಮೇಲೆ ನಿಂತು ಗಾಳಿಗೆ ರೆಕ್ಕೆ ಒಡ್ಡುವುದನ್ನು ನೋಡಲು ದಂಡೆಯಲ್ಲಿ ಕುರಿ ಕಾಯುವವರು ಸಾಲಾಗಿ ಕೂರುತ್ತಿದ್ದರು. ಗಾಳಿಗೆ ಎದುರು ತಿರುಗಿದ ಕೂಡಲೇ ರೆಕ್ಕೆಯ ಮೂತಿ ಮಡಚಿ ಧೊಪ್ಪನೆ ನೀರಿಗೆ. ಮತ್ತೆ ಹತ್ತುವುದು, ಮತ್ತೆ ಬೀಳುವುದು.

"ಅಕ್ಕಾರ, ಅದನ್ನ ಕೈ ಬಿಟ್ಟು ಈಜ್ರೀ, ಜಲ್ದಿ ದಂಡಿಗೆ ಬರ್ತೀರಿ!" ಎಂದು ಒಬ್ಬ ಕೂಗಿದ.

"ನಿನ್ನ ಕುರಿ ನೀ ನೋಡ್ಕೊಳೋ ತಮ್ಮಾ! ಒಂದು ಜ್ವಾಳದಾಗ ಹೊಕ್ಕೈತಿ!" ಎಂದು ನೀರಿನಿಂದಲೇ ಉತ್ತರ ಬಂತು. ಖರೇನೇ ಹೊಕ್ಕಿತ್ತು. ಅವನು ಎದ್ದು ಓಡಿದ.

ಜೇಬಿನ ಉಪಾಯ ಹೊಳೆದದ್ದು ತಾಯಿಯ ಚಂಚಿಯಿಂದ. ಎಲೆ, ಅಡಿಕೆ, ಸುಣ್ಣಕ್ಕೆ ಒಂದೊಂದು ಖಾನೆಯಿರುವ ಬಟ್ಟೆಯ ಚೀಲವದು. ಹಾಸಿಗೆಯಲ್ಲಿದ್ದ ಮುದುಕಿ ಬೆರಳಿನಿಂದ ಖಾನೆಯ ಬಾಯಿ ತೆರೆದಳು, ಒಳಗೊಂದು ಅರಿವೆ, ಹೊರಗೊಂದು ಅರಿವೆ, ನಡುವೆ ಟೊಳ್ಳು. ಅಕ್ಕಾರು ತಾಯಿಯ ಕೈಯಿಂದ ಚಂಚಿ ಕಸಿದುಕೊಂಡೇ ಶೆಡ್ಡಿಗೆ ಬಂದರು. ತಾಯಿ ಹಿಂದಿನಿಂದ, "ಎಲಿ ಹಾಕ್ಕೊಳ್ಳಾಕರ ಬಿಡಬೇ!" ಎಂದು ಒದರುತ್ತಿದ್ದಳಂತೆ. "ಮುಂದಿನ ಭಾಗಕ್ಕಷ್ಟ ಎರಡು ಪದರ ಹಾಕೂಣು. ಬಾಯಿಗೆ ಮೀನಿನ ಬಲಿಯಂಥ ಜಾಳು ಅರಿವಿ. ಗಾಳಿ ಒಳಗ ಹೊಕ್ಕು ಕುಂತ್ರ ಅದ ಬೆನ್ನೆಲಬು. ನೀರು ಹೊಕ್ಕರ ತುದಿಯಾಗಿನ ತೂತಿನಿಂದ ಹೋಗ್ಲಿ" ಎಂದರು. ನಾನು ಕತ್ತರಿಸಿದೆ, ತಪ್ಪಾಯಿತು, ಬೈದರು. ಮತ್ತೆ ಕತ್ತರಿಸಿದೆ. ಬಟ್ಟೆ ಎಷ್ಟು ಹಾಳಾಯಿತೋ ಲೆಕ್ಕವಿಲ್ಲ. ಒಂದು ಆಷಾಢ ಕಳೆದು ಇನ್ನೊಂದು ಬರುವ ಹೊತ್ತಿಗೆ ಡ್ಯಾಮಿನ ಮೇಲೆ ಅಕ್ಕಾರು ಗಾಳಿಗೆ ಎದುರಾಗಿ ಓರೆಯಲ್ಲಿ ಹೋದರು. ಹಲಗೆ ನೀರು ಬಿಟ್ಟಿತು. ಸದ್ದೇ ಇಲ್ಲ. ಕುರಿ ಕಾಯುವವರು ಎದ್ದು ನಿಂತು ನೋಡಿದರು. ಹೋಗಿ ತಿರುಗಿ ದಂಡೆಗೆ ಬಂದ ಅಕ್ಕಾರು ಹೆಲ್ಮೆಟ್ಟು ತೆಗೆದು ಅಳುತ್ತಿದ್ದರು. "ಏನ ನೋಡ್ತೀರೇ, ಟವಲ್ ಕೊಡ್ರೀ" ಎಂದು ಅದಕ್ಕೂ ಬೈದರು.

ಆ ಕನ್ನಡಕದ ಮಾಲೀಕ ಬಂದದ್ದು ಆಮೇಲೆ. ನೋಡಿದ, ಹಾರಿಸಿದ, ಮರುಳಾದ, ತನ್ನ ಕಂಪನಿಗೆ ಹೊಲಿದುಕೊಡಿ ಎಂದ. ಅಕ್ಕಾರು ಕೇಳಿದ್ದು ಒಂದೇ. ರೆಕ್ಕೆಯ ತುದಿಯಲ್ಲಿ, ಸಣ್ಣ ಅಕ್ಷರದಲ್ಲಿ, ತಮ್ಮ ಹೆಸರು. ಅರ್ಧ ಆಯುಷ್ಯ ಹಾಯಿ ಹೊಲಿದರೂ ಒಂದರ ಮೇಲೂ ಅವರ ಹೆಸರು ಬಂದಿರಲಿಲ್ಲ. "ಯಾರ ಓದ್ತಾರ ಬಿಡ್ರಿ ಅಕ್ಕಾರ, ನೀರಿನ ಮ್ಯಾಲ?" ಎಂದು ನಾನು ತಮಾಷೆ ಮಾಡಿದೆ. "ಮೀನರ ಓದ್ಲಿ. ನನ್ನ ಹೆಸರು ಬೇಕಂದ್ರ ಬೇಕು" ಎಂದರು. ಅವನು ಕೈ ಹಿಡಿದು ಕುಲುಕಿ ಒಪ್ಪಿಕೊಂಡ. ಮೊದಲ ಕಂತಿನ ರೆಕ್ಕೆಗಳು ಹೇಗೆ ಹೋಗುತ್ತವೆ ನೋಡೋಣ, ಎರಡನೆಯ ಕಂತಿನಿಂದ ಹೆಸರು ಎಂದ. ಆ ವಾರವೆಲ್ಲ ಶೆಡ್ಡಿನಲ್ಲಿ ಬೈಗುಳವೇ ಇರಲಿಲ್ಲ. ಅಕ್ಕಾರು ಉಳಿದ ತುಣುಕು ಬಟ್ಟೆಗಳ ಮೇಲೆ ತಮ್ಮ ಹೆಸರು ಬರೆದು, ದೂರ ಹಿಡಿದು, ಓರೆ ಮಾಡಿ ನೋಡುತ್ತಿದ್ದರು.

ಈಗ ನೀಲಮ್ಮನ ವಿಷಯ. ಮುಕ್ಕುಂದದವಳು, ನಮ್ಮಲ್ಲೆಲ್ಲ ಹಿರಿಯಳು, ಅವಳ ಕೌದಿ ಹೊದ್ದವರು ಬೇರೆ ಹೊದೆಯುವುದಿಲ್ಲ. ನಮ್ಮ ಕಡೆ ಕೌದಿ ಹೊಲಿದು ಮುಗಿಸುವಾಗ ಮೂಲೆಯಲ್ಲಿ ಒಂದು ಸಣ್ಣ ತ್ರಿಕೋನದ ತುಂಡು ಹಚ್ಚಿ ಅದರೊಳಗೆ ರೊಟ್ಟಿಯ ಚೂರನ್ನೋ ನಾಲ್ಕು ಕಾಳನ್ನೋ ಇಟ್ಟು ಮುಚ್ಚುವವರಿದ್ದಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹಸಿದ ಕೌದಿ ಹೊದ್ದವನಿಗೆ ನೆಮ್ಮದಿಯಿಲ್ಲ ಎಂದು ನಂಬಿಕೆ. ದಾರ ಕಟ್ಟುವ ರೆಕ್ಕೆಯ ತುದಿ ಹರಿಯದಿರಲಿ ಎಂದು ನೀಲಮ್ಮ ಅಲ್ಲೊಂದು ತ್ರಿಕೋನ ಹಚ್ಚಿದಾಗ ಅಕ್ಕಾರು ಕೆನ್ನೆಗೆ ಎಳೆದು ನೋಡಿ, "ಬರಾಬರ್ ಐತಿ" ಎಂದಿದ್ದರು. ಅದರೊಳಗೆ ಒಂದೊಂದು ಭತ್ತದ ಕಾಳು ಹೋಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಭತ್ತ ಭತ್ತವೇ. ಮಳೆಗಾಲದ ಕರಾವಳಿ, ಒದ್ದೆ ರೆಕ್ಕೆ, ಮುಚ್ಚಿದ ಚೀಲ. ಮೊಳಕೆ ಬಂತು!

ಮಾಲೀಕ ಕಾರಿನಲ್ಲಿ ಬಂದಿಳಿದ. ರೆಕ್ಕೆಯೊಂದನ್ನು ಮೇಜಿನ ಮೇಲೆ ಎಸೆದ. ತುದಿಯ ಹೊಲಿಗೆ ಸೀಳಿಕೊಂಡು ಬಿಳಿಯ ಬೇರು, ಹಸಿರು ಕುಡಿ ಹೊರಗೆ ಬಂದಿದ್ದವು.

"ಇದೆಂತದು ಮೇಡಂ? ನಾನು ಕೇಳಿದ್ದು ರೆಕ್ಕೆ, ಗದ್ದೆ ಅಲ್ಲ! ಗಿರಾಕಿ ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದಾನೆ. ಮರ್ಯಾದೆ ಹೋಯ್ತು ನನ್ನದು. ಇಷ್ಟು ಚಂದದ ತ್ರಿಕೋನದ ಗೂಡು ಮಾಡಿ ಅದರೊಳಗೆ ಕಸ ತುಂಬಿದ್ದೀರಲ್ಲ! ಯಾರು ಮಾಡಿದ್ದು?"

ನೀಲಮ್ಮ ಮಷೀನಿನ ಹಿಂದೆ ಕುಳಿತಿದ್ದಳು. ಸೆರಗು ಬಾಯಿಗೆ ಹೋಗಿತ್ತು. ನಮಗೆಲ್ಲ ಆಗ ಅರ್ಥವಾಯಿತು. ಅಕ್ಕಾರಿಗೂ ಆಯಿತು.

"ಯಾರು ಎಂದು ಹೇಳಿ. ಅವರನ್ನು ಇವತ್ತೇ ಮನೆಗೆ ಕಳಿಸಿ. ಇದನ್ನು ನಾನು ಮರೆತುಬಿಡುತ್ತೇನೆ. ಹೆಸರಿನ ಮಾತೂ ಹಾಗೇ ಇರುತ್ತದೆ" ಎಂದ ಅವನು.

ನಾನು ಕಾದೆ. ಕತ್ತರಿ ಮೇಜಿಗೆ ಬಡಿಯಲಿ ಎಂದು ಕಾದೆ. ದಾರದವನಿಗೆ, ಕುರಿಯವನಿಗೆ, ನನಗೆ, ಎಲ್ಲರಿಗೂ ಸುರಿದ ಸಿಟ್ಟಿನಲ್ಲಿ ಒಂದು ಬೊಗಸೆ ಇವನ ತಲೆಯ ಮೇಲೂ ಬೀಳಲಿ ಎಂದು ಕಾದೆ. ಅಕ್ಕಾರು ಆ ಕುಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ನಾನ ಇಟ್ಟೀನ್ರಿ" ಎಂದರು. "ನಮ್ಮ ಕಡೆ ಪದ್ಧತಿ ಐತಿ."

"ನೀವಾ?"

"ಹೌದ್ರೀ, ನಾನ. ಯಾರನ್ನ ಮನಿಗಿ ಕಳಸ್ತೀರಿ, ಕಳಸ್ರಿ."

ಅವನು ಅವರ ಮುಖ ನೋಡಿದ. ನಂಬಲಿಲ್ಲ ಎಂದು ಕಾಣುತ್ತಿತ್ತು. ಆದರೆ ಅವನಿಗೆ ಲಾಭ ಎಲ್ಲಿದೆ ಎಂದು ಆ ಹೊತ್ತಿನಲ್ಲೇ ಹೊಳೆಯಿತು, ಅದೂ ಕಾಣುತ್ತಿತ್ತು. "ಹಾಗಾದರೆ ಇಂಥ ಕೆಲಸಕ್ಕೆ ಹೆಸರು ಹಾಕಲು ಆಗುವುದಿಲ್ಲ ಮೇಡಂ. ಬೇಸರ ಮಾಡಿಕೊಳ್ಳಬೇಡಿ. ಹೊಲಿಗೆಯ ಕೆಲಸ ನಿಮಗೇ ಇರಲಿ" ಎಂದ. ಅಕ್ಕಾರು ತಲೆಯಾಡಿಸಿದರು. ಅಷ್ಟೇ. ಕಾರು ಕಣದ ಮೇಲೆ ತಿರುಗಿ ಹೋಯಿತು. ನೀಲಮ್ಮ ಎದ್ದು ಬಂದು ಕಾಲು ಹಿಡಿಯಲು ಬಗ್ಗಿದಳು.

"ಏಳಬೇ, ಸಾಕು. ನಾಳಿಯಿಂದ ಭತ್ತ ಬ್ಯಾಡ" ಎಂದರು ಅಕ್ಕಾರು. "ಹುರದ ಜ್ವಾಳ ಇಡು. ಮೊಳಕಿ ಬರಂಗಿಲ್ಲ."

ಅವತ್ತು ನಾನು ಅವರೊಡನೆ ಜಗಳವಾಡಿದೆ. ಎಲ್ಲರೂ ಹೋದ ಮೇಲೆ, ಸಂಜೆ, ಕಣದ ಮೇಲೆ ನಿಂತು ಬಾಯಿಗೆ ಬಂದದ್ದು ಅಂದೆ. "ಒಂದು ಸುಕ್ಕಿಗೆ ನನ್ನ ಮಾನ ಕಳೀತೀರಿ. ಅವಂಗ ಒಂದು ಮಾತು ಅನ್ನಾಕ ಬರಲಿಲ್ಲೇನ್ರೀ ನಿಮಗ? ಜೇಬು ನಿಮ್ಮದು, ಹೆಸರು ಯಾಕ ಬಿಟ್ರಿ?"

"ನೀಲಮ್ಮಗ ಈ ವಯಸ್ಸಿನ್ಯಾಗ ಸೂಜಿ ಬಿಟ್ಟು ಮತ್ತೇನು ಬರತೈತಿ ಹೇಳು" ಎಂದರು.

"ಆಕಿನ್ನ ಬಿಡಬ್ಯಾಡ್ರಿ, ಹೆಸರೂ ಬಿಡಬ್ಯಾಡ್ರಿ. ಅವನ ಸಂಗಾಟ ಬಡದಾಡ್ರಿ!"

"ಬಡದಾಡಿದ್ರ ಅವ ಆಕಿನ್ನ ಹುಡುಕ್ತಿದ್ದ" ಎಂದರು. "ಅವ ನೀಲಮ್ಮನ ತ್ಯಾಪಿಗೆ ಗೂಡು ಅಂದ, ಕೇಳಿದೇನು?" ಎಂದು ಬೇರೆ ಕಡೆ ಮುಖ ತಿರುಗಿಸಿದರು. ನಗುತ್ತಿದ್ದರೋ ಏನೋ, ನನಗೆ ಆಗ ಅದನ್ನು ನೋಡುವ ತಾಳ್ಮೆಯಿರಲಿಲ್ಲ. ಅವರ ಮೇಲೆ ನನಗೆ ಬಂದ ಸಿಟ್ಟು ಅವರು ಸಾಯುವವರೆಗೂ ಪೂರ್ತಿ ಇಳಿಯಲಿಲ್ಲ. ಈಗಲೂ ಇಳಿದಿಲ್ಲ. ಸಿಟ್ಟು ಬೇಕಾದ ಒಂದೇ ಒಂದು ಗಳಿಗೆಯಲ್ಲಿ ಅದನ್ನು ನುಂಗಿಕೊಂಡ ಸಿಟ್ಟಿನ ಹೆಂಗಸನ್ನು ನಾನು ಹೇಗೆ ಕ್ಷಮಿಸಲಿ?

ಅವನು ಇನ್ನೊಂದು ಸೀಸನ್ ನಮ್ಮಿಂದ ಹೊಲಿಸಿದ. ಹುರಿದ ಜೋಳದ ಬಗ್ಗೆ ಯಾವ ದೂರೂ ಬರಲಿಲ್ಲ. ನಮೂನೆಗಳೆಲ್ಲ ಕೈಸೇರಿದ ಮೇಲೆ ಬೇರೆಲ್ಲೋ ಹೊಲಿಸತೊಡಗಿದ, ನಮ್ಮ ಫೋನು ಎತ್ತುವುದನ್ನೇ ಬಿಟ್ಟ. ಅಕ್ಕಾರು ಬಿಡಲಿಲ್ಲ. ಆ ಕಡೆಯ ಕೆಲವು ಆಟಗಾರರಿಗೆ ನೇರವಾಗಿ ರೆಕ್ಕೆ ಕಳಿಸಿದೆವು, ಉಳಿದ ಹೊತ್ತಿಗೆ ತಾಡಪತ್ರಿ. ದಾರಗಳನ್ನು ಕಡಿಮೆ ಮಾಡಿ, ಎಡಕ್ಕೊಂದು ಬಣ್ಣ, ಬಲಕ್ಕೊಂದು ಬಣ್ಣ ಹಾಕಿದ್ದು, ಹಿಡಿಕೆಯನ್ನು ಇನ್ನೂ ಗಿಡ್ಡ ಮಾಡಿದ್ದು ಆ ದಿನಗಳಲ್ಲೇ. ತುಣುಕು ಬಟ್ಟೆಯ ಮೇಲೆ ಹೆಸರು ಬರೆಯುವುದನ್ನು ಮಾತ್ರ ಮತ್ತೆ ಮಾಡಲಿಲ್ಲ. ನಮ್ಮ ಸ್ವಂತದ ರೆಕ್ಕೆಗಾದರೂ ಹಾಕಿರಿ ಎಂದರೆ, "ಸುಮ್ನ ಹೊಲಿ" ಎಂದು ಗದರುತ್ತಿದ್ದರು. ಹೋದ ಮಳೆಗಾಲದಲ್ಲಿ ಮೇಜಿನ ಮುಂದೆ ಕುಳಿತಲ್ಲೇ ಎದೆ ಹಿಡಿದುಕೊಂಡರು, ಆಸ್ಪತ್ರೆ ಮುಟ್ಟಲಿಲ್ಲ. ಮಣ್ಣಿಗೆ ಬಂದವರು "ಪಾಪ, ಗಾಳಿಪಟದ ಅಕ್ಕಾರು" ಎಂದು ಮಾತಾಡಿಕೊಂಡರು. ಗಾಳಿಪಟವಂತೆ! ಅಲ್ಲಿಯೂ ನನಗೆ ಒಬ್ಬರ ಕುತ್ತಿಗೆ ಹಿಡಿಯಬೇಕು ಅನ್ನಿಸಿತ್ತು.

ಬಸ್ ನಿಲ್ದಾಣದಲ್ಲಿ ಆ ವಿಡಿಯೋ ನೋಡಿದ ಮೇಲೆ ನಾನು ಮಸ್ಕಿ ಬಸ್ಸು ಹತ್ತಲಿಲ್ಲ. ಆಟೋ ಹಿಡಿದು ಶೆಡ್ಡಿಗೆ ವಾಪಸು ಬಂದೆ. ನೀಲಮ್ಮ ಒಬ್ಬಳೇ ಇದ್ದಳು, ದಪ್ಪ ಕನ್ನಡಕ ಹಾಕಿಕೊಂಡು ತುದಿ ಹೊಲಿಯುತ್ತಿದ್ದಳು. ಪಕ್ಕದ ವಾಟಗದಲ್ಲಿ ಹುರಿದ ಜೋಳ.

"ನೋಡಬೇ, ನೋಡು ಈ ಕಳ್ಳನ್ನ" ಎಂದು ಫೋನು ಅವಳ ಮುಂದೆ ಹಿಡಿದೆ. ಈ ಸಲ ವಿಡಿಯೋ ಕೊನೆಯ ತನಕ ಓಡಿತು. ಜೇಬಾಯಿತು, ದಾರದ ಬಣ್ಣವಾಯಿತು, ಗಿಡ್ಡ ಹಿಡಿಕೆಯೂ ಆಯಿತು. ಆಟಗಾರರಿಗೆ ಕಳಿಸಿದ ನಮ್ಮ ರೆಕ್ಕೆಗಳನ್ನೂ ನೋಡಿರಬೇಕು, ಒಂದನ್ನೂ ಬಿಟ್ಟಿರಲಿಲ್ಲ. ಕೊನೆಗೆ ರೆಕ್ಕೆಯ ತುದಿಯನ್ನು ಕ್ಯಾಮೆರಾದ ಹತ್ತಿರ ತಂದ. ಅಲ್ಲೊಂದು ತ್ರಿಕೋನ.

"ಇನ್ನು ಇದು, ನಮ್ಮ ಇಂಜಿನಿಯರುಗಳ ವಿಶೇಷ" ಎಂದ. "ತುದಿಯ ಈ ಸಣ್ಣ ಗೂಡು. ರೆಕ್ಕೆ ಓಲಾಡದಂತೆ ಸಮತೋಲ ಕಾಯುತ್ತದೆ. ತುಂಬ ಸೂಕ್ಷ್ಮದ ಲೆಕ್ಕಾಚಾರ." ಬೆರಳಿನಿಂದ ಅದನ್ನು ಒತ್ತಿ ತೋರಿಸಿದ. ಬಟ್ಟೆ ಚಪ್ಪಟೆಯಾಯಿತು. ಒಳಗೆ ಏನೂ ಇರಲಿಲ್ಲ.

ನಾನು ನೀಲಮ್ಮನ ಕಡೆ ನೋಡಿದೆ. ಅವಳಿಗೆ ಸಿಟ್ಟು ಬಂದಿರಲಿಲ್ಲ, ಅದಕ್ಕಿಂತ ದೊಡ್ಡದೇನೋ ಬಂದಿತ್ತು. ಸೂಜಿ ಬಟ್ಟೆಗೆ ಚುಚ್ಚಿಟ್ಟು, ಕನ್ನಡಕ ತೆಗೆದು, ಫೋನನ್ನು ಕಣ್ಣಿನ ಹತ್ತಿರ ತಂದು ಇನ್ನೊಮ್ಮೆ ನೋಡಿದಳು.

"ಅಯ್ಯ ಶಿವನ" ಎಂದಳು. "ಎಲ್ಲಾ ಕದ್ದು, ಹೊಟ್ಟಿ ಖಾಲಿ ಇಟ್ಟಾನಲ್ಲಬೇ. ಹಸ್ಕೊಂಡ ನೀರಿಗೆ ಹೊಂಟೈತದು."

ವಾಟಗದಿಂದ ಒಂದು ಕಾಳು ತೆಗೆದು ತನ್ನ ಕೈಯಲ್ಲಿದ್ದ ರೆಕ್ಕೆಯ ತುದಿಗೆ ಇಟ್ಟಳು, ಹೊಲಿಗೆ ಹಾಕಿ ಮುಚ್ಚಿದಳು, ದಾರ ಹಲ್ಲಿನಿಂದ ಕಡಿದಳು. ಆಮೇಲೆ ಅಂಚನ್ನು ನನ್ನ ಕೆನ್ನೆಗೆ ಹಿಡಿದು, "ಸುಕ್ಕು ಐತೇನು ನೋಡು" ಎಂದಳು. ನಾನು ಕಣ್ಣು ಮುಚ್ಚಿದೆ.